ಮಗ್ಗದ ಗುಂಡಿಯಲ್ಲಿ ಬದುಕುಳಿದ ಕೋಶಗಳು

ಹೇಳಿಕೆ ನೀಡುವವರು: ರಶ್ಮಿತಾ, ತಂದೆ ಓಬಳೇಶ, 28 ವರ್ಷ, ಸಂಶೋಧನಾ ವಿದ್ಯಾರ್ಥಿನಿ, ವಾಸ ನಾಯಕನಹಟ್ಟಿ, ಚಳ್ಳಕೆರೆ ತಾಲ್ಲೂಕು.

ನಾನು ಈ ದಿನ ಸ್ವಇಚ್ಛೆಯಿಂದ ತಳಕು ಠಾಣೆಗೆ ಹಾಜರಾಗಿ, ದಿನಾಂಕ 09-04-2025ರಂದು ನಾನೇ ಕೊಟ್ಟ ದೂರಿಗೆ ಸಂಬಂಧಿಸಿ ಈ ಮೂಲಕ ತಿಳಿಸುವುದೇನೆಂದರೆ,

ನಾನು ಉಳ್ಳಾರ್ತಿ ಕಾವಲ್ ಬಳಿಯ ಪ್ರಯೋಗಾಲಯವೊಂದರಲ್ಲಿ ನಾಲ್ಕು ವರ್ಷದಿಂದ ರೇಷ್ಮೆ ಹುಳುವಿನ ಜೀವಕೋಶಗಳನ್ನು ಬೆಳೆಸಿ ಅಧ್ಯಯನ ಮಾಡುತ್ತಿದ್ದೇನೆ. ಹುಳುವಿಗೆ ರೋಗ ತಗಲುವಾಗ ರೋಗಾಣು ಕೋಶದಲ್ಲಿ ಮೊದಲು ಹಿಡಿಯುವುದು ಒಂದು ಪ್ರೋಟೀನನ್ನು ಎಂದು ನಮ್ಮ ಅಂದಾಜು. ನೀಲಿ ಬೆಳಕು ಬಿದ್ದರೆ ಹಸಿರಾಗಿ ಹೊಳೆಯುವ ಇನ್ನೊಂದು ಪ್ರೋಟೀನನ್ನು ಅದಕ್ಕೆ ಜೋಡಿಸಿದ್ದೇನೆ. ಇದರಿಂದ ಕೋಶವನ್ನು ಕೊಲ್ಲದೆಯೇ ಆ ಮೊದಲ ಪ್ರೋಟೀನು ಒಳಗೆ ಎಲ್ಲಿಂದ ಎಲ್ಲಿಗೆ ಓಡಾಡುತ್ತದೆ ಎಂದು ನೋಡಬಹುದು. ಈ ಕೋಶಗಳಲ್ಲಿ ರೋಗಾಣು ಇಲ್ಲ. ಜನರಿಗಾಗಲಿ ದನಕರುಗಳಿಗಾಗಲಿ ಇವುಗಳಿಂದ ತೊಂದರೆಯಿಲ್ಲ. ಹೆಪ್ಪುಗಟ್ಟಿಸಿ ಇಟ್ಟಿದ್ದ ಕೋಶಗಳೆಲ್ಲ ಮಾರ್ಚ್‌ನಲ್ಲಿ ಯಂತ್ರ ಕೆಟ್ಟು ಸತ್ತುಹೋದವು. ಉಳಿದಿದ್ದು ಬೆಳೆಯುತ್ತಿದ್ದ ಕೋಶಗಳ ಎರಡು ಪ್ಲಾಸ್ಟಿಕ್ ಬಾಟಲಿ ಮಾತ್ರ.

ಕೋಶಗಳ ಚಲನೆಯನ್ನು ವಿಡಿಯೊ ಮಾಡುವ ಸೂಕ್ಷ್ಮದರ್ಶಕ ಬಳ್ಳಾರಿಯ ಕಾಲೇಜೊಂದರಲ್ಲಿ ಇರುವುದರಿಂದ, 09-04-2025ರಂದು ಬಾಟಲಿಗಳನ್ನು ಥರ್ಮಾಕೋಲ್ ಡಬ್ಬಿಯಲ್ಲಿಟ್ಟುಕೊಂಡು ಚಳ್ಳಕೆರೆಯಲ್ಲಿ ಬೆಳಿಗ್ಗೆ 11-10ರ ಬಸ್ಸು ಹತ್ತಿದೆನು. ಡಬ್ಬಿಯ ಮೇಲೆ "ಒಳಗೆ ಜೀವ ಇದೆ, ಬಿಸಿಲಿಗೆ ಇಡಬೇಡಿ, ಅಲುಗಿಸಬೇಡಿ, ತೆರೆಯಬೇಡಿ" ಎಂದು ಬರೆದಿದ್ದೆ. ನನ್ನ ಹೆಸರಾಗಲಿ ಫೋನ್ ನಂಬರಾಗಲಿ ಬರೆದಿರಲಿಲ್ಲ. ಅದು ನನ್ನದೇ ತಪ್ಪು.

11-50ಕ್ಕೆ ತಳಕಿನಿಂದ ಸುಮಾರು 2 ಕಿ.ಮೀ. ಮುಂದೆ ಬಸ್ಸಿನ ಟೈರು ಪಂಕ್ಚರ್ ಆಯಿತು. ಎಲ್ಲರೂ ಇಳಿದು ದಾಸಣ್ಣ ಎಂಬುವವರ ಗೂಡಂಗಡಿಯ ಪಕ್ಕದ ಬೇವಿನ ಮರದಡಿ ನಿಂತೆವು. ಡಬ್ಬಿಯನ್ನು ಮರದ ನೆರಳಿನಲ್ಲಿ ಇಟ್ಟೆ. ಬೆಳಿಗ್ಗೆಯಿಂದ ನಾನು ಏನೂ ತಿಂದಿರಲಿಲ್ಲ. ತಲೆ ಸುತ್ತಿ ಬಿದ್ದೆ. ಹೆಸರು ತಿಳಿಯದ ಇಬ್ಬರು ಹೆಂಗಸರು ನನ್ನನ್ನು ಆಟೋದಲ್ಲಿ ತಳಕಿನ ಆಸ್ಪತ್ರೆಗೆ ಸೇರಿಸಿದರು. ಅವರಿಗೆ ಧನ್ಯವಾದ ಹೇಳಲು ಇಂದಿಗೂ ಆಗಿಲ್ಲ. ಎಚ್ಚರವಾಗಿ 1-30ಕ್ಕೆ ಮರದ ಬಳಿ ಬಂದಾಗ ಬಸ್ಸೂ ಇರಲಿಲ್ಲ, ಡಬ್ಬಿಯೂ ಇರಲಿಲ್ಲ. ಬಿಳಿ ಪಂಚೆಯುಟ್ಟ ವಯಸ್ಸಾದವರೊಬ್ಬರು ಅದನ್ನು ಎತ್ತಿಕೊಂಡು ಬಸ್ಸು ಹತ್ತಿದ್ದನ್ನು ನೋಡಿದ್ದಾಗಿ ದಾಸಣ್ಣ ತಿಳಿಸಿದರು. ನಾನು ಅಳುತ್ತಲೇ 2-15ಕ್ಕೆ ಈ ಠಾಣೆಗೆ ಬಂದು, ಡಬ್ಬಿ ಕಳುವಾಗಿದೆ ಎಂದು ಬರೆದುಕೊಟ್ಟೆನು.

ಮಾರನೇ ದಿನ ಬೆಳಿಗ್ಗೆ 10-05ಕ್ಕೆ ಹೆಡ್ ಕಾನ್‌ಸ್ಟೇಬಲ್ ಮಾರುತೇಶ ಅವರು ಫೋನ್ ಮಾಡಿ ಕರೆದರು. 11-00ಕ್ಕೆ ನಾನು ಬಂದಾಗ ಆ ವೃದ್ಧರು ಠಾಣೆಯ ಬೆಂಚಿನ ಮೇಲೆ ಕೂತಿದ್ದರು. ಅವರ ಹೆಸರು ನಾಗರಾಜಪ್ಪ, 66 ವರ್ಷ, ಮೊಳಕಾಲ್ಮುರಿನ ರೇಷ್ಮೆ ಸೀರೆ ನೇಕಾರರು. ಮರದ ನೆರಳು ಸರಿದು ಡಬ್ಬಿಗೆ ಬಿಸಿಲು ಬಿದ್ದದ್ದನ್ನು ಕಂಡು, ಯಾರದೆಂದು ಕೇಳಿದರೂ ಗೊತ್ತಾಗದೆ, ಮನೆಗೆ ಒಯ್ದುದಾಗಿ ಹೇಳಿದರು. ಅದನ್ನು ಮತ್ತೆ ಬಿಸಿಲಿಗೆ ತರಬಾರದೆಂದು ಮನೆಯಲ್ಲೇ ಬಿಟ್ಟು, ವಾರಸುದಾರರನ್ನು ಹುಡುಕಲು ತಾವೊಬ್ಬರೇ ದಾಸಣ್ಣನ ಅಂಗಡಿಗೆ ಬಂದಿದ್ದರಂತೆ. ದಾಸಣ್ಣ ಅವರನ್ನು ಠಾಣೆಗೆ ಕರೆತಂದಿದ್ದರು. ಅವರ ಮೇಲೆ ಕಳ್ಳತನದ ದೂರು ಇದೆಯೆಂದು ಮಾರುತೇಶ ತಿಳಿಸಿದಾಗ ಅವರು, "ಕೇಸಾದ್ರೆ ಆಗ್ಲಿ ಸಾರ್, ಆಮ್ಯಾಕೆ ನೋಡಾನ. ಮೊದ್ಲು ಆ ಮಗೀನ ಕರೆಸ್ರಿ. ಒಳಗೆ ಜೀವ ಐತಂತೆ" ಎಂದಿದ್ದರಂತೆ. ಇದನ್ನು ಕೇಳಿ ನನಗೆ ಅವರ ಮುಖ ನೋಡಲಾಗಲಿಲ್ಲ.

11-20ಕ್ಕೆ ಠಾಣೆಯ ಜೀಪಿನಲ್ಲಿ ಹೊರಟು ಸುಮಾರು 40 ಕಿ.ಮೀ. ದೂರದ ಅವರ ಮನೆಗೆ 12-20ಕ್ಕೆ ತಲುಪಿದೆವು. ಅವರ ಹೆಂಡತಿ ಪೆದ್ದಮ್ಮ ಬಾಗಿಲಲ್ಲೇ ಕೂತು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ನೇಯುವಾಗ ಕಾಲಿಳಿಬಿಟ್ಟು ಕೂರುವ ಮಗ್ಗದ ಗುಂಡಿಯೊಳಗೆ, ಒದ್ದೆ ಗೋಣಿಚೀಲದ ಮೇಲೆ ಡಬ್ಬಿ ಇತ್ತು. ಮನೆಯಲ್ಲಿ ತಂಪಾದ ಜಾಗ ಅದೊಂದೇ ಎಂದು ಅಲ್ಲಿ ಇಟ್ಟಿದ್ದರು. ಕಾಲುಮಣೆ ತುಳಿದರೆ ಡಬ್ಬಿ ಅಲುಗುತ್ತದೆ ಎಂದು ಹಿಂದಿನ ದಿನ ಮಧ್ಯಾಹ್ನದಿಂದ ಮಗ್ಗ ನಿಲ್ಲಿಸಿದ್ದರು. ಮದುವೆಗೆ ಕೊಡಬೇಕಾದ ಕೆಂಪು ಸೀರೆ ಸೆರಗಿನ ಹತ್ತಿರ ಹಾಗೇ ನಿಂತಿತ್ತು. ನಾನು ಥರ್ಮಾಮೀಟರ್ ಇಟ್ಟು ನೋಡಿದೆ. ಹೊರಗೆ ನೆರಳಿನಲ್ಲಿ 38 ಡಿಗ್ರಿ, ಗುಂಡಿಯಲ್ಲಿ 27 ಡಿಗ್ರಿ. ನನ್ನ ಕೋಶಗಳಿಗೆ ಬೇಕಾದದ್ದು 27 ಡಿಗ್ರಿಯೇ.

ಪೆದ್ದಮ್ಮ ನನ್ನ ಕೈ ಹಿಡಿದು ತೆಲುಗಿನಲ್ಲಿ, "ನಿನ್ನಟಿನುಂಚಿ ಆಕಲಿಗಾ ಉಂಟುಂದೇಮೋ ಅಮ್ಮಾ" ಎಂದರು. ನಿನ್ನೆಯಿಂದ ಅದಕ್ಕೆ ಹಸಿವಾಗಿರಬಹುದು ಎಂದು ಅದರ ಅರ್ಥವೆಂದು ಮಾರುತೇಶ ವಿವರಿಸಿದರು. ಹಾಲು ಹಾಕಬೇಕೆನಿಸಿದರೂ, ತೆರೆಯಬೇಡಿ ಎಂದು ಬರೆದಿರುವುದನ್ನು ಗಂಡ ಓದಿ ಹೇಳಿದ್ದರಿಂದ ಸುಮ್ಮನಿದ್ದುದಾಗಿ ಅವರು ತಿಳಿಸಿದರು.

ಅವು ಬದುಕಿವೆಯೋ ಇಲ್ಲವೋ ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ನಾಗರಾಜಪ್ಪನವರು ತಾವೂ ಬರುವುದಾಗಿ ಹೇಳಿ, ದಾರಿಯುದ್ದಕ್ಕೂ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. 3-40ಕ್ಕೆ ನಮ್ಮ ಪ್ರಯೋಗಾಲಯ ತಲುಪಿದೆವು. ಬಾಟಲಿಯಿಂದ ತೆಗೆದ ಒಂದು ಹನಿಗೆ ಕೆಂಪು ಬಣ್ಣ ಬೆರೆಸಿ, ನಮ್ಮಲ್ಲಿರುವ ಚಿಕ್ಕ ಸೂಕ್ಷ್ಮದರ್ಶಕದಡಿ ಇಟ್ಟೆ. ಈ ಬಣ್ಣ ಸತ್ತ ಕೋಶದೊಳಕ್ಕೆ ಹೋಗುತ್ತದೆ, ಬದುಕಿರುವ ಕೋಶ ಅದನ್ನು ಒಳಗೆ ಬಿಡುವುದಿಲ್ಲ. ಕೋಣೆ ಕತ್ತಲು ಮಾಡಿ ನೀಲಿ ಬೆಳಕು ಹಾಯಿಸಿದಾಗ ಪರದೆ ತುಂಬಾ ಹಸಿರು ಕಂಡಿತು. ಎಣಿಸಿದ 200 ಕೋಶಗಳಲ್ಲಿ ಕೆಂಪಾಗಿದ್ದು 11 ಮಾತ್ರ. ನಾನು ಎರಡು ಸಲ ಎಣಿಸಿದೆ.

ಇದೇನೆಂದು ನಾಗರಾಜಪ್ಪನವರು ಕೇಳಿದರು. ರೇಷ್ಮೆ ಹುಳುವಿನ ಮೈಯ ಕಣಗಳು, ಹೆಚ್ಚುಕಮ್ಮಿ ಎಲ್ಲವೂ ಜೀವಂತ ಇವೆ ಎಂದೆನು. ಅವರು ಬಹಳ ಹೊತ್ತು ನೋಡಿದರು. ನಂತರ, "ನಲವತ್ತೈದು ವರ್ಷದಿಂದ ಸತ್ತ ಹುಳದ ನೂಲು ಹಿಡ್ದೀನವ್ವ. ಬದುಕಿರೋ ಹುಳ ಒಳಗೆ ಹಿಂಗ್ ಬೆಳಗ್ತೈತೆ ಅಂತ ಇವತ್ತ್ ಕಂಡೆ" ಎಂದು ಹೇಳಿ ಪರದೆಗೆ ಕೈಮುಗಿದರು. ನಾನು ಅವರ ಕಾಲಿಗೆ ನಮಸ್ಕರಿಸಿದೆನು.

ಸದರಿ ನಾಗರಾಜಪ್ಪನವರು ಏನನ್ನೂ ಕದ್ದಿಲ್ಲ. ನನ್ನ ನಾಲ್ಕು ವರ್ಷದ ಕೆಲಸವನ್ನು ಸುಮಾರು 23 ಗಂಟೆ ಕಾಲ, ತಮ್ಮ ಕೆಲಸ ಬಿಟ್ಟು, ಕಾದಿದ್ದಾರೆ. ನನ್ನ ದೂರನ್ನು ಮುಕ್ತಾಯಗೊಳಿಸಿ, ಅವರ ಹೆಸರಿನ ಮುಂದೆ ಕಳ್ಳತನ ಎಂಬ ಮಾತು ಯಾವ ಕಾಗದದಲ್ಲೂ ಉಳಿಯದಂತೆ ಮಾಡಬೇಕೆಂದು ಕೋರುತ್ತೇನೆ.

ಈ ಹೇಳಿಕೆಯನ್ನು ಓದಿಸಿ ಕೇಳಿದ್ದೇನೆ. ಇದರಲ್ಲಿರುವುದೆಲ್ಲ ನಾನು ಕಂಡದ್ದು, ಕೇಳಿದ್ದು ಮತ್ತು ಸತ್ಯ. ನನ್ನ ಮೊದಲ ದೂರು ಸತ್ಯವಾಗಿರಲಿಲ್ಲ.

ಸ್ಥಳ: ತಳಕು
ದಿನಾಂಕ: 12-04-2025, ಬೆಳಿಗ್ಗೆ 11-30
(ಸಹಿ) ರಶ್ಮಿತಾ ಓ.