ಒರೆಸದೆ ಬಿಟ್ಟ ಕಾರು

ಬಸ್ಸಿಗೆ ಸಾಲಿನಲ್ಲಿ ನಿಂತಿದ್ದ ಟೀಚರಮ್ಮ ಚಳಿಗೆ ಮುದುಡಿ, ಬಿಸಿಲು ಯಾವಾಗ ಬಂದೀತೋ ಎಂದು ಮೋಡ ನೋಡುತ್ತಿದ್ದರು. ಅವರ ಮುಂದೆ, ಕಾರು ತೊಳೆಯುವ ಕೆಲಸ ಮುಗಿಸಿ ಮನೆಗೆ ಹೊರಟ ಅಕ್ಕ ತಮ್ಮ ನಿಂತಿದ್ದರು.

“ಯಾಕೋ ಮುಖ ಬಿಳಿಚ್ಕೊಂಡಿದೆ?” ಎಂದಳು ಅಕ್ಕ.

“ಓನರ್ ಕರಿ ಕಾರಿಗೆ ಕೊನೇಲಿ ನಲ್ಲಿ ನೀರೇ ಹಾಕ್ಬಿಟ್ಟೆ ಅಕ್ಕ.”

“ಫಿಲ್ಟರ್ ನೀರು ಏನಾಯ್ತು?”

“ಮೊದಲು ಸೋಪು ತೊಳೆಯೋಕೇ ಖಾಲಿ ಮಾಡ್ಬಿಟ್ಟಿದ್ದೆ.”

“ನಿನ್ ಬುದ್ಧಿಗಿಷ್ಟು! ಬಟ್ಟೇಲಾದ್ರೂ ಒರೆಸಿದ್ಯಾ?”

“ಇಲ್ಲ. ಫಿಲ್ಟರ್ ನೀರಾದ್ರೆ ಒರೆಸೋದೇ ಬೇಡ ಅಲ್ವಾ, ಅದೇ ಅಭ್ಯಾಸದಲ್ಲಿ ಹಂಗೇ ಬಿಟ್ಟು ಬಂದೆ.”

“ನಲ್ಲಿ ನೀರಲ್ಲಿ ಉಪ್ಪಿರುತ್ತೆ, ಬಿಸಿಲಿಗೆ ಒಣಗಿದ್ರೆ ಕಾರಿನ ಮೈತುಂಬಾ ಬಿಳಿ ಚುಕ್ಕೆ ಕೂರುತ್ತೆ ಕಣೋ! ಅಂಥದ್ದಕ್ಕೇ ತಾನೆ ನಿಮ್ಮ ಭಾವನ್ನ ಕೆಲಸದಿಂದ ತೆಗೆದಿದ್ದು?”

“ಈಗೇನ್ ಮಾಡೋದು ಅಕ್ಕ?”

“ಎಲ್ಲಿ ನಿಲ್ಸಿದ್ದೀಯ?”

“ಅಂಗಳದಲ್ಲೇ.”

“ಸದ್ಯ, ಮೋಡ ಇದೆ.”

ಅಷ್ಟರಲ್ಲಿ ಟೀಚರಮ್ಮನ ಬೆನ್ನಿಗೆ ಏನೋ ಬೆಚ್ಚಗೆ ತಾಗಿತು. ಅಕ್ಕ ಒಮ್ಮೆ ಮೇಲೆ ನೋಡಿದವಳೇ ತಮ್ಮನ ರಟ್ಟೆ ಹಿಡಿದು, ಸಾಲು ಬಿಟ್ಟು, ಬಂದ ದಾರಿಯಲ್ಲೇ ಓಡಿದಳು.

ಬೆಳಿಗ್ಗೆಯಿಂದ ಬಿಸಿಲಿಗಾಗಿ ಹಂಬಲಿಸಿದ್ದ ಟೀಚರಮ್ಮ ಈಗ ಆಕಾಶದತ್ತ ಮುಖವೆತ್ತಿ, “ಒಂದು ಗಳಿಗೆ ತಡಿಯಪ್ಪಾ, ಅವರು ಹೋಗಿ ಮುಟ್ಟಲಿ” ಎಂದು ಬೇಡಿಕೊಂಡರು.