ಇಳಿಯಬಾರದ ಮುಳ್ಳು

ಯಲಹಂಕದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಒಂದೇ ಕಾರ್ಖಾನೆಯ ಇಬ್ಬರು ನಿಂತಿದ್ದರು. ಅವಳು ಇಂಜಿನಿಯರ್. ಅವನು ಹಿರಿಯ ಮೆಕ್ಯಾನಿಕ್. ಅವನ ಬಲಗೈಗೆ ಬ್ಯಾಂಡೇಜ್ ಸುತ್ತಿತ್ತು.

“ಇಂಜಿನ್ ಲೋಡಿಲ್ದೆ ಸುಮ್ನೆ ಓಡ್ತಿದ್ರೆ ಎಣ್ಣೆ ಪಂಪಿಗ್ಯಾಕೆ ಫುಲ್ ಪ್ರೆಶರ್, ಮಜೀದಣ್ಣ? ತಾನಾಗೇ ಇಳಿಯೋ ಹಾಗೆ ಕಂಟ್ರೋಲ್ ಮಾಡಿಕೊಟ್ಟಿದ್ದೆ. ಡೀಸೆಲ್ಲೂ ಉಳೀತಿತ್ತು.”

“ಮೀಟರ್ ಮುಳ್ಳು ಇಳಿದ್ರೆ ಪಂಪ್ ಕೆಟ್ಟೋಯ್ತು ಅಂತಾರೆ ಮ್ಯಾನೇಜರು.”

“ಅದಕ್ಕೇ ಕಂಟ್ರೋಲ್ ಕಿತ್ತಾಕ್ಸಿದ್ರು. ಇವತ್ತು ಆ ಪ್ರೆಶರಿಗೆ ಪೈಪ್ ಒಡೆದು ಬಿಸಿ ಎಣ್ಣೆ ನಿಮ್ ಕೈಗೆ ಹಾರ್ತು.”

“ಮೇಡಮ್, ರಿಪೋರ್ಟಲ್ಲಿ ನನ್ ತಪ್ಪು ಅಂತ ಬರ್ದು, ಸೈನ್ ಹಾಕು ಅಂದ್ರು ಮ್ಯಾನೇಜರು.”

“ಹಾಕಿದ್ರಾ?”

“ಕೈ ಸುಟ್ಟಿದೆ, ಆಗಲ್ಲ ಅಂದೆ.”

“ನೀವು ಬರೆಯೋದು ಎಡಗೈಯಲ್ಲಲ್ವಾ?”

“ಹೌದು. ಹನ್ನೆರಡು ವರ್ಷದಿಂದ ಅವ್ರ ಮುಂದೇನೇ ಬರೀತಿದೀನಿ. ಒಂದಿನಾನೂ ನೋಡಿಲ್ಲ.”

ಅವಳು ನಗಲಿಲ್ಲ. ಹೆಬ್ಬಾಳದ ಬಸ್ಸು ಬಂತು, ಇಬ್ಬರೂ ಹತ್ತಿ ಹೋದರು.