ಕಂಚಿನ ಡ್ರಮ್ಮಿನ ಹಿಂದಿನ ಖಾಲಿ ಸ್ಟೂಲು

ಮೇಲೆ ಹೆಸರು ಬರೆಸಿರುವ ನಾನು, ವಯಸ್ಸು 58 ವರ್ಷ, ಸರ್ಕಾರಿ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ, ವಾಸ ಹಳೆಯ ಬಸ್ ಡಿಪೋ ಹಿಂದಿನ ಬೀದಿ, ಎರಡನೇ ಮಹಡಿ, ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಗಂಡ, ವಯಸ್ಸು 66, ಈ ಊರಿನ ಹೆಸರಾಂತ ಬ್ಯಾಂಡಿನಲ್ಲಿ ಅದು ಶುರುವಾದಾಗಿನಿಂದ ಹತ್ತೊಂಬತ್ತು ವರ್ಷ ಡ್ರಮ್ಸ್ ಬಾರಿಸಿದವರು. ಜನ ಅವರನ್ನು ಗುಡುಗು ಎಂದು ಕರೆಯುತ್ತಿದ್ದರು. ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋದ ಮೇಲೆ ಬ್ಯಾಂಡ್ ಬಿಟ್ಟರು. ಬ್ಯಾಂಡೇ ಅವರನ್ನು ಬಿಟ್ಟಿತು ಎಂದು ಬರೆದುಕೊಂಡರೂ ಸರಿಯೇ.

ಕಳೆದ ಭಾನುವಾರ ಸಂಜೆ ನಾಲ್ಕು ಗಂಟೆಗೆ ಪುರಭವನದ ಮುಂದೆ ಬ್ಯಾಂಡಿನ ಕಂಚಿನ ಪ್ರತಿಮೆಯ ಅನಾವರಣವಿತ್ತು. ನಮಗೆ ಕರೆ ಇರಲಿಲ್ಲ. ಗಂಡ ಹಟ ಹಿಡಿದಿದ್ದರಿಂದ ಆಟೋದಲ್ಲಿ ಕರೆದುಕೊಂಡು ಹೋದೆ. ಪರದೆ ಸರಿದಾಗ ಗಾಯಕರು, ಗಿಟಾರಿನವರು, ಕೀಬೋರ್ಡಿನವರು ಕಂಚಿನಲ್ಲಿ ನಿಂತಿದ್ದರು. ಡ್ರಮ್ಸಿನ ಹಿಂದೆ ಸ್ಟೂಲು ಮಾತ್ರ ಇತ್ತು. ಗಾಯಕರು ಮೈಕಿನಲ್ಲಿ, ಡ್ರಮ್ಮರುಗಳು ಬರುತ್ತಾ ಹೋಗುತ್ತಾ ಇದ್ದರು, ಹಾಗಾಗಿ ಆ ಜಾಗವನ್ನು ಅಭಿಮಾನಿಗಳಿಗೇ ಬಿಟ್ಟಿದ್ದೇವೆ, ಯಾರು ಬೇಕಾದರೂ ಕೂತು ಫೋಟೋ ತೆಗೆಸಿಕೊಳ್ಳಬಹುದು ಎಂದರು. ಜನ ಚಪ್ಪಾಳೆ ಹೊಡೆದರು.

"ಯಾರ್ ಬೇಕಾದ್ರೂ ಅಂದ್ರಲ್ಲ, ನಡಿ," ಎಂದರು ಗಂಡ. ಬೇಡ ರೀ, ಯಾರಾದರೂ ಏನಾದರೂ ಅಂದರೆ ಎಂದು ನಾನು ತಡೆದೆ. ಕೇಳಲಿಲ್ಲ. ಸಾಲಿನಲ್ಲಿ ನಿಂತೇ ಹೋಗಿ ಕೂತರು. ಎಡಗೈಯಿಂದ ಡ್ರಮ್ಮಿನ ಮೇಲೆ ತಾಳ ಹಾಕತೊಡಗಿದರು. ಬೆರಳಿನ ಉಂಗುರ ತಗಲಿ ಟಿಣ್ ಟಿಣ್ ಎನ್ನುತ್ತಿತ್ತು, ಅಷ್ಟೆ. ಮಧ್ಯದಲ್ಲಿ ನಿಲ್ಲಿಸುವ ಅಭ್ಯಾಸ ಅವರಿಗೆ ಇಲ್ಲ. ಹಾಡು ಪೂರ್ತಿ ಮುಗಿಯಬೇಕು.

ಹಿಂದಿನವರು ಗೊಣಗಿದರು. ಕಾವಲುಗಾರ ಬಂದು, "ತಾತ, ಫೋಟೋ ಆಯ್ತಲ್ಲ, ಏಳಿ," ಎಂದ. ಇವರೇ ಈ ಬ್ಯಾಂಡಿನ ಡ್ರಮ್ಮರ್ ಎಂದು ನಾನು ಹೇಳಿದೆ. ಅವನು ಒಳ್ಳೆಯ ಹುಡುಗ, ನನ್ನ ಮಾತು ತಳ್ಳಿಹಾಕಲಿಲ್ಲ. ಹತ್ತಡಿ ದೂರದಲ್ಲಿ ಟಿವಿಯವರ ಮುಂದೆ ನಿಂತಿದ್ದ ಗಾಯಕರನ್ನು, ಸಾರ್, ಇವರು ನಿಮ್ಮವರಂತೆ, ಹೌದಾ ಎಂದು ಕೇಳಿದ.

ಗಾಯಕರು ತಿರುಗಿದರು. ಮೊದಲು ನೋಡಿದ್ದು ಗಂಡನ ಮುಖವನ್ನಲ್ಲ, ಜೋತುಬಿದ್ದ ಬಲಗೈಯನ್ನು. ಬ್ಯಾಂಡ್ ಕಟ್ಟಿದ ಹೊಸತರಲ್ಲಿ ಒಂದು ವರ್ಷ ನಮ್ಮ ಅಡುಗೆಮನೆಯಲ್ಲಿ ಚಾಪೆ ಹಾಕಿ ಮಲಗಿದ ಮನುಷ್ಯ ಅವರು. "ಇಂಥೋರು ಎಲ್ಲಾ ಕಡೆ ಬರ್ತಾರಪ್ಪ. ಕ್ಯಾಮೆರಾ ಇದೆ, ಸ್ವಲ್ಪ ಪಕ್ಕಕ್ಕೆ ಕರ್ಕೊಂಡ್ ಹೋಗು," ಎಂದರು. ಪಕ್ಕದಲ್ಲಿದ್ದ ಗಿಟಾರಿನವರು ತಮ್ಮ ಶೂ ನೋಡಿಕೊಂಡರು. ಗಂಡ ತಲೆ ತಗ್ಗಿಸಿ ತಾಳದಲ್ಲೇ ಮುಳುಗಿದ್ದರು, ಇದಾವುದೂ ಅವರ ಕಿವಿಗೆ ಬೀಳಲಿಲ್ಲ.

ಕಾವಲುಗಾರ ಗೊತ್ತಿಲ್ಲದೆ ಬಲಗೈಯನ್ನೇ ಹಿಡಿದು ಎಬ್ಬಿಸಿದ. ಗಂಡ ಆಯ ತಪ್ಪಿ ಪ್ರತಿಮೆಯ ಕಟ್ಟೆಯಿಂದ ಕೆಳಕ್ಕೆ ಬಿದ್ದರು. ಸೊಂಟದ ಮೂಳೆ ಮುರಿಯಿತು. ಎತ್ತಿಕೊಂಡು ಆಸ್ಪತ್ರೆಗೆ ಓಡಿದವನೂ ಅದೇ ಕಾವಲುಗಾರ. ಡ್ಯೂಟಿ ಬಿಟ್ಟುಹೋದನೆಂದು ಮರುದಿನವೇ ಅವನನ್ನು ಕೆಲಸದಿಂದ ತೆಗೆದರಂತೆ. ಅವನ ಮೇಲೆ ನನ್ನ ದೂರಿಲ್ಲ. ಗಂಡ ಈಗ ನಾನು ಒಗೆದ ಚಾದರದ ಮೇಲೆಯೇ ಮಲಗಿದ್ದಾರೆ. ಇನ್ನು ನಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ.

ಬಿದ್ದ ದಿನ ಸಂಜೆಯೇ ಗಾಯಕರು ಫೋನ್ ಮಾಡಿ, "ಅತ್ತಿಗೆ, ಗೊತ್ತಾಗ್ಲಿಲ್ಲ, ಟಿವಿಯೋರಿಗೆ ಏನೂ ಹೇಳ್ಬೇಡಿ," ಎಂದರು. ನಾನು ಫೋನ್ ಇಟ್ಟೆ.

ಅವರ ಮೇಲೆ ದೂರು ಬರೆದುಕೊಳ್ಳಿ ಎಂದರೆ, ಗುರುತಿಸದಿದ್ದುದಕ್ಕೆ ಕಾನೂನಿನಲ್ಲಿ ಕಲಂ ಇಲ್ಲ ಎಂದು ತಾವು ಹೇಳಿದಿರಿ. ಆದರೂ ಅವರು ಆಡಿದ ಮಾತು ಇದರಲ್ಲಿ ಇರಲಿ.

ಇನ್ನೊಂದು ಕೋರಿಕೆ. ಆಪರೇಷನ್ ಆಗಿ ಎಚ್ಚರವಾದಾಗ ಗಂಡ ಕೇಳಿದ್ದು ಒಂದೇ, "ಅವ್ನು ನನ್ನ ನೋಡಿದ್ನಾ?" ಎಂದು. ಇಲ್ಲ ರೀ, ಅಷ್ಟು ಜನರ ಮಧ್ಯೆ ಎಲ್ಲಿ ಕಾಣಿಸುತ್ತೀರಿ, ಕಂಡಿದ್ದರೆ ಓಡಿ ಬರುತ್ತಿರಲಿಲ್ಲವೇ ಎಂದೆ. ಸಮಾಧಾನವಾಗಿ ಕಣ್ಣು ಮುಚ್ಚಿದರು. ತಾವು ಅವರ ಹೇಳಿಕೆ ಪಡೆಯಲು ವಾರ್ಡಿಗೆ ಬಂದಾಗ ನನ್ನ ಈ ಹೇಳಿಕೆಯನ್ನು ದಯವಿಟ್ಟು ಅವರ ಮುಂದೆ ಓದಬಾರದು.

ನಾನು ಹೇಳಿದಂತೆಯೇ ಬರೆದಿದ್ದಾರೆ, ಓದಿಸಿ ಕೇಳಿದ್ದೇನೆ. ಇದರಲ್ಲಿ ಇರುವುದೆಲ್ಲ ನಿಜ.

ಸ್ಥಳ: ನಗರ ಠಾಣೆ
ದಿನಾಂಕ: 14, ಮಂಗಳವಾರ
(ಸಹಿ)